ಜೈವಿಕ ಡೇಟಾಬೇಸ್‌ಗಳನ್ನು ವೆಬ್ ಸರ್ವೀಸ್ ಮೂಲಕ ಜೋಡಿಸುವುದು ಹೇಗೆ?

ಪ್ರೋಟೀನೊಂದರ ಅಮೈನೋ ಆಮ್ಲಗಳ ಸರಣಿ ಯೂನಿಪ್ರೋಟ್ ಎಂಬ ಡೇಟಾಬೇಸಿನಲ್ಲಿ, ಅದರ ಮೂರು ಆಯಾಮದ ರಚನೆ ಪಿಡಿಬಿಯಲ್ಲಿ, ಅದರ ಜೀನ್‌ನ ವಿವರ ಎನ್‌ಸೆಂಬಲ್‌ನಲ್ಲಿ ಮತ್ತು ಅಮೆರಿಕದ ಎನ್‌ಸಿಬಿಐ ಸಂಸ್ಥೆಯ ಡೇಟಾಬೇಸ್‌ಗಳಲ್ಲಿ ಸಿಗುತ್ತದೆ. ಹತ್ತು ಪ್ರೋಟೀನುಗಳ ಮಾಹಿತಿಯನ್ನು ಬ್ರೌಸರಿನಿಂದ ನಕಲಿಸಿ ಅಂಟಿಸಬಹುದು. ಸಾವಿರಕ್ಕೆ ಅದು ಆಗುವ ಮಾತಲ್ಲ. ಆಗ ನಮ್ಮ ಪ್ರೋಗ್ರಾಮೇ ಆಯಾ ಸಂಸ್ಥೆಯ ಸರ್ವರನ್ನು ಕೇಳಿ ಉತ್ತರ ಪಡೆಯುವಂತೆ ಮಾಡುವುದು ವೆಬ್ ಸರ್ವೀಸ್. ಸಿಕಲ್ ಸೆಲ್ ಕಾಯಿಲೆಗೆ ಸಂಬಂಧಿಸಿದ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಕೆಲಸವನ್ನು ನೋಡೋಣ.

ಮೊದಲು ಹೆಸರನ್ನು ಬಿಟ್ಟು ಗುರುತಿನ ಸಂಖ್ಯೆಯನ್ನು ಹಿಡಿಯಬೇಕು. ಈ ಬೀಟಾ ಸರಪಳಿಯ ಜೀನ್‌ಗಿರುವ ಎಚ್‌ಬಿಬಿ ಎಂಬ ಹೆಸರು ಬೇರೆ ಪ್ರಾಣಿಗಳಲ್ಲೂ ಇರುವುದರಿಂದ, ಹುಡುಕುವಾಗ ಮನುಷ್ಯನ ವರ್ಗೀಕರಣ ಸಂಖ್ಯೆಯಾದ 9606 ಅನ್ನೂ ಸೇರಿಸಬೇಕು. ಆಗ ಯೂನಿಪ್ರೋಟ್‌ನ ಪಿ68871 ಎಂಬ ದಾಖಲೆ ದೊರೆಯುತ್ತದೆ. ಯೂನಿಪ್ರೋಟ್ ಹುಡುಕಾಟದ ಫಲಿತಾಂಶವನ್ನು, ನಾವು ಬೇರೆ ಹೇಳದಿದ್ದರೆ, ಒಂದು ಸಲಕ್ಕೆ 25 ದಾಖಲೆಗಳಂತೆ ಮಾತ್ರ ಕೊಡುತ್ತದೆ. ಮುಂದಿನ ಪುಟದ ವಿಳಾಸ ಉತ್ತರದ ಹೆಡರ್‌ನಲ್ಲಿ, ಎಂದರೆ ಉತ್ತರದ ಜೊತೆ ಬರುವ ತಲೆಭಾಗದ ಮಾಹಿತಿಯಲ್ಲಿ, ಇರುತ್ತದೆ. ಅದನ್ನು ಓದದ ಪ್ರೋಗ್ರಾಂ ಯಾವ ದೋಷವನ್ನೂ ತೋರಿಸದೆ ಅರೆಬರೆ ಪಟ್ಟಿಯನ್ನು ಕೈಗಿಡುತ್ತದೆ.

ಎರಡನೆಯದಾಗಿ, ಉತ್ತರ ಯಾವ ರೂಪದಲ್ಲಿ ಬೇಕೆಂದು ಮುಂದಿನ ಉಪಕರಣವನ್ನು ನೋಡಿ ನಿರ್ಧರಿಸಬೇಕು. ವಿವರಗಳನ್ನು ಬಿಡಿಸಿಕೊಳ್ಳಲು ಪ್ರತಿ ಮಾಹಿತಿಯನ್ನೂ ಅದರ ಹೆಸರಿನೊಡನೆ ಕೊಡುವ ಜೇಸನ್, ಸರಣಿ ಹೋಲಿಕೆಗೆ ಸರಣಿಯನ್ನು ಬರಿಯ ಅಕ್ಷರಗಳಲ್ಲಿ ಬರೆಯುವ ಫಾಸ್ಟಾ ಸೂಕ್ತ. ವೆಬ್ ಪುಟದ ಎಚ್‌ಟಿಎಂಎಲ್ ಅನ್ನು ಬಗೆದು ಮಾಹಿತಿ ತೆಗೆಯುವ ಹಾದಿಯನ್ನು ಹಿಡಿಯಲೇಬಾರದು. ಪುಟದ ವಿನ್ಯಾಸ ಬದಲಾದ ದಿನವೇ ಅದು ಕೈಕೊಡುತ್ತದೆ.

ಈ ಫಾಸ್ಟಾವನ್ನು ಇಎಂಬಿಎಲ್-ಇಬಿಐ ಸಂಸ್ಥೆಯ, ಹೋಲುವ ಸರಣಿಗಳನ್ನು ಹುಡುಕುವ ಬ್ಲಾಸ್ಟ್ ಸೇವೆಗೆ ಕಳಿಸಿದರೆ ಉತ್ತರ ತಕ್ಷಣ ಬರುವುದಿಲ್ಲ. ಇಮೇಲ್ ವಿಳಾಸದೊಂದಿಗೆ ಕೆಲಸವನ್ನು ಸಲ್ಲಿಸಬೇಕು, ಮರಳಿ ಬರುವ ಕೆಲಸದ ಸಂಖ್ಯೆಯನ್ನು ಉಳಿಸಿಕೊಳ್ಳಬೇಕು, ಆ ಸಂಖ್ಯೆಯಿಂದ ಸ್ಥಿತಿಯನ್ನು ಆಗಾಗ ವಿಚಾರಿಸುತ್ತಿದ್ದು, ಮುಗಿದಿದೆ ಎಂದ ಮೇಲೆಯೇ ಫಲಿತಾಂಶವನ್ನು ಕೇಳಬೇಕು. ವಿಚಾರಣೆಗಳ ನಡುವೆ ಕೆಲವು ಸೆಕೆಂಡುಗಳ ಬಿಡುವಿರಲಿ. ಎನ್‌ಸಿಬಿಐನ ವೆಬ್ ಸರ್ವೀಸ್‌ಗಳಾದ ಇ-ಯುಟಿಲಿಟೀಸ್‌ನಲ್ಲಿ ಎಪಿಐ ಕೀ (ಬಳಕೆದಾರರನ್ನು ಗುರುತಿಸುವ ಸಂಕೇತ) ಇಲ್ಲದವರಿಗೆ ಸೆಕೆಂಡಿಗೆ 3, ಇದ್ದವರಿಗೆ 10 ಕೋರಿಕೆಗಳ ಮಿತಿಯಿದೆ. 429 ಎಂಬ ಸಂಕೇತ ಬಂದರೆ ಮಿತಿ ಮೀರಿದೆ ಎಂದರ್ಥ; ಪ್ರತಿ ಸಲವೂ ಕಾಯುವ ಅವಧಿಯನ್ನು ಹೆಚ್ಚಿಸುತ್ತಾ ಮತ್ತೆ ಕೇಳಬೇಕು.

ನಿಜವಾದ ತೊಡಕು ಇರುವುದು ಸರ್ವರ್‌ಗಳ ನಡುವಿನ ಸಂಪರ್ಕದಲ್ಲಲ್ಲ, ಎರಡು ಡೇಟಾಬೇಸ್‌ಗಳು ಅಮೈನೋ ಆಮ್ಲಗಳ ಸ್ಥಾನವನ್ನು ಎಣಿಸುವ ಬಗೆಯಲ್ಲಿ. ಒಂದು ಡೇಟಾಬೇಸಿನ ಸಂಖ್ಯೆಗೆ ಇನ್ನೊಂದರ ಸಂಖ್ಯೆಯನ್ನು ಹುಡುಕಿಕೊಡುವ ಯೂನಿಪ್ರೋಟ್‌ನ ಐಡಿ ಮ್ಯಾಪಿಂಗ್ ಸೇವೆಗೆ ಪಿ68871 ಕೊಟ್ಟು ಪಿಡಿಬಿ ಸಂಖ್ಯೆ ಕೇಳಿದರೆ ಒಂದಲ್ಲ, ನೂರಾರು ರಚನೆಗಳು ಬರುತ್ತವೆ. ಅವುಗಳಲ್ಲಿ ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್‌ನ 4ಎಚ್‌ಎಚ್‌ಬಿ ಅನ್ನು ಆಯ್ದುಕೊಂಡೆವೆನ್ನಿ. ಸಿಕಲ್ ಸೆಲ್‌ನಲ್ಲಿ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬರುವ ಸ್ಥಾನ ಹಳೆಯ ಪಠ್ಯಗಳಲ್ಲಿ 6. ಯೂನಿಪ್ರೋಟ್‌ನ ಸರಣಿಯಲ್ಲಿ ಅದು 7. ಕೋಶದಲ್ಲಿ ಪ್ರೋಟೀನು ತಯಾರಾಗುತ್ತಿರುವಾಗಲೇ ಕತ್ತರಿಸಿಹೋಗುವ ಮೊದಲ ಮೆಥಿಯೋನಿನ್ ಅನ್ನೂ ಯೂನಿಪ್ರೋಟ್ ಲೆಕ್ಕಕ್ಕೆ ಹಿಡಿಯುವುದರಿಂದ ಅಲ್ಲಿ ಒಟ್ಟು 147 ಅಮೈನೋ ಆಮ್ಲಗಳಿವೆ. 4ಎಚ್‌ಎಚ್‌ಬಿಯ ಬೀಟಾ ಸರಪಳಿಯಲ್ಲಿ ಇರುವುದು 146. ಯೂನಿಪ್ರೋಟ್‌ನ 7ನ್ನು ನೇರವಾಗಿ ಆ ರಚನೆಗೆ ಅನ್ವಯಿಸಿದರೆ ಪಕ್ಕದ ಸ್ಥಾನ ಸಿಗುತ್ತದೆ, ಮತ್ತು ಅಲ್ಲಿರುವುದೂ ಗ್ಲುಟಾಮಿಕ್ ಆಮ್ಲವೇ! ಹೀಗಾಗಿ ಆ ಸ್ಥಾನದ ಅಮೈನೋ ಆಮ್ಲದ ಅಕ್ಷರ ಹೋಲಿಸಿ ನೋಡುವ ಸಾಮಾನ್ಯ ಪರೀಕ್ಷೆಯೂ ತಪ್ಪನ್ನು ಹಿಡಿಯದು. ಒಂದನ್ನು ಕಳೆದು ಹೊಂದಿಸುವ ಉಪಾಯ ಎಲ್ಲ ಪ್ರೋಟೀನುಗಳಿಗೂ ನಡೆಯುವುದಿಲ್ಲವಾದ್ದರಿಂದ, ಸ್ಥಾನದಿಂದ ಸ್ಥಾನಕ್ಕೆ ನಂಟು ಕೊಡುವ ಸಿಫ್ಟ್ಸ್ ಸೇವೆಯನ್ನೇ ನಡುವೆ ಇರಿಸಬೇಕು.

ಕೋಡ್ ಬರೆಯಲು ಇಷ್ಟವಿಲ್ಲದವರಿಗೆ ಗ್ಯಾಲಕ್ಸಿಯಂಥ ವೇದಿಕೆಗಳಲ್ಲಿ ಉಪಕರಣಗಳನ್ನು ಒಂದರ ಹಿಂದೊಂದು ಜೋಡಿಸುವ ಅನುಕೂಲವಿದೆ. ಆದರೆ ಎಣಿಕೆಯ ಗೊಂದಲ ಅಲ್ಲಿಯೂ ತಪ್ಪದು.

ಕೊನೆಯ ಹಂತ ದಾಖಲಾತಿ. ಯೂನಿಪ್ರೋಟ್ 2022ರಲ್ಲಿ ತನ್ನ ಸೇವೆಯನ್ನು ಹೊಸ ವಿಳಾಸಕ್ಕೆ ಬದಲಿಸಿದಾಗ ಹಳೆಯ ಸ್ಕ್ರಿಪ್ಟ್‌ಗಳನ್ನು ತಿದ್ದಬೇಕಾಯಿತು. ಆದ್ದರಿಂದ ವಿಳಾಸಗಳನ್ನು ಕೋಡ್‌ನ ತುಂಬ ಚದುರಿಸದೆ ಒಂದೇ ಕಡತದಲ್ಲಿಡುವುದು ಒಳ್ಳೆಯದು. ಯೂನಿಪ್ರೋಟ್‌ನ ಪ್ರತಿ ಉತ್ತರದ ಹೆಡರ್‌ನಲ್ಲಿ ಬಿಡುಗಡೆಯ ಸಂಖ್ಯೆ ಇರುತ್ತದೆ. ಅದನ್ನೂ, ಕೇಳಿದ ದಿನಾಂಕವನ್ನೂ, ಕಳಿಸಿದ ಪೂರ್ಣ ಕೋರಿಕೆಯನ್ನೂ ಫಲಿತಾಂಶದ ಪಕ್ಕದಲ್ಲೇ ಉಳಿಸಿಟ್ಟರೆ, ಆರು ತಿಂಗಳ ಬಳಿಕ ಪಟ್ಟಿಯಲ್ಲಿ ವ್ಯತ್ಯಾಸ ಕಂಡಾಗ ಬದಲಾದದ್ದು ಡೇಟಾಬೇಸೋ ನಮ್ಮ ಪ್ರೋಗ್ರಾಮೋ ಎಂಬುದನ್ನು ಪತ್ತೆಹಚ್ಚಬಹುದು.