ಬಸ್ಸಾರಿನ ಪಲ್ಯ ಇರಲಿ, ಕಟ್ಟು ಬೇಡ

ಮೂತ್ರಪಿಂಡ ಸೋತವರ ರಕ್ತಪರೀಕ್ಷೆಯ ವರದಿಯಲ್ಲಿ ಪೊಟ್ಯಾಶಿಯಂ ಮಿತಿ ಮೀರಿ, ಅದರ ಎದುರಿನ ಅಂಕಿ ದಪ್ಪಕ್ಷರದಲ್ಲಿ ಕಂಡ ದಿನವೇ ಸೊಪ್ಪು, ಟೊಮೆಟೊ, ಹಣ್ಣು ಎಲ್ಲವನ್ನೂ ನಿಲ್ಲಿಸಿ, ರೋಗಿಗೆ ಬರೀ ಅನ್ನ ಮಜ್ಜಿಗೆ ಬಡಿಸುವ ಮನೆಗಳನ್ನು ಕೋಲಾರದ ಸುತ್ತಮುತ್ತ ಬಹಳ ನೋಡಿದ್ದೇನೆ. ಮಜ್ಜಿಗೆಯಲ್ಲೂ ಪೊಟ್ಯಾಶಿಯಂ ಇದೆ ಎಂಬುದು ಅವರಿಗೆ ಹೊಳೆದಿರುವುದಿಲ್ಲ.

ಮೊದಲು ಅಂಕಿ ನಿಜವೇ ಎಂದು ತಿಳಿಯಬೇಕು. ಲೀಟರಿಗೆ 3.5ರಿಂದ 5 ಮಿಲಿಮೋಲ್ ಸಾಮಾನ್ಯ ಮಟ್ಟ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಈ ಮಿತಿ ಸ್ವಲ್ಪ ಬೇರೆಯಾಗಬಹುದು, ಅದು ವರದಿಯಲ್ಲೇ ಅಚ್ಚಾಗಿರುತ್ತದೆ. ದೇಹದ ಪೊಟ್ಯಾಶಿಯಂ ಹೆಚ್ಚುಕಡಿಮೆ ಎಲ್ಲವೂ ಜೀವಕೋಶಗಳ ಒಳಗಿರುವುದರಿಂದ, ರಕ್ತ ತೆಗೆಯುವಾಗ ಕೆಂಪುಕಣಗಳು ಒಡೆದರೆ ಅಥವಾ ತೋಳಿಗೆ ಪಟ್ಟಿ ಬಿಗಿದು ಮುಷ್ಟಿಯನ್ನು ಪದೇ ಪದೇ ಹಿಡಿದು ಬಿಟ್ಟರೆ ಅಂಕಿ ಸುಳ್ಳಾಗಿ ಏರುತ್ತದೆ. ನಮ್ಮ ಅತ್ತೆಯವರಿಗೆ ನರ ಸಿಗದೆ ಹುಡುಗ ಹತ್ತು ನಿಮಿಷ ಮುಷ್ಟಿ ಬಿಗಿಸಿದ ದಿನ 5.8 ಬಂದಿತ್ತು, ಅದೇ ಸಂಜೆ ಮತ್ತೆ ತೆಗೆಸಿದಾಗ 5.2. ಆದರೆ 6 ದಾಟಿದ್ದರೆ, ಅಥವಾ ಕೈಕಾಲು ಸೋತು ಎದೆಬಡಿತ ಏರುಪೇರಾಗಿದ್ದರೆ, ಅಡುಗೆಯ ಚಿಂತೆ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು.

ಎರಡನೆಯದು, ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸುವುದು. ರಕ್ತದೊತ್ತಡ, ಹೃದ್ರೋಗಗಳಿಗೆ ಕೊಡುವ ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರನೊಲ್ಯಾಕ್ಟೋನ್‌ಗಳಿಂದಲೂ ಕೆಲವು ನೋವಿನ ಮಾತ್ರೆಗಳಿಂದಲೂ ಪೊಟ್ಯಾಶಿಯಂ ಏರಬಹುದು. ಹಾಗೆಂದು ನೀವೇ ನಿಲ್ಲಿಸಬೇಡಿ. ರಕ್ತದೊತ್ತಡಕ್ಕೆ ಒಳ್ಳೆಯದೆಂದು ಮಾರುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಬದಲು ಸೇರಿಸಿರುವುದು ಸಾಮಾನ್ಯವಾಗಿ ಪೊಟ್ಯಾಶಿಯಂ ಕ್ಲೋರೈಡನ್ನೇ. ಮೂತ್ರಪಿಂಡ ಸೋತವರಿರುವ ಮನೆಗೆ ಆ ಪೊಟ್ಟಣ ಬರಲೇಬಾರದು.

ಇನ್ನು ಎಲ್ಲರೂ ಎಡವುವ ಹಂತ, ಬಸಿಯುವುದು. ಪೊಟ್ಯಾಶಿಯಂ ನೀರಿಗೆ ಇಳಿಯುತ್ತದೆ, ಆ ನೀರನ್ನು ತೆಗೆದರೆ ಅದೂ ಹೋಗುತ್ತದೆ. ಆದರೆ ನಮ್ಮ ಕಡೆ ಬಸ್ಸಾರು ಮಾಡುವಾಗ ದಂಟಿನ ಸೊಪ್ಪು, ಕಾಳು ಬೇಯಿಸಿ, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಕುದಿಸಿ, ಮುದ್ದೆಯ ಜೊತೆ ಅದನ್ನೇ ರೋಗಿಗೂ ಬಡಿಸುತ್ತೇವೆ. ಬಿಡಬೇಕಾದ್ದನ್ನೇ ಬಟ್ಟಲು ತುಂಬಿಸಿ ಕೊಟ್ಟಂತಾಗುತ್ತದೆ. ರೋಗಿಗೆ ಪಲ್ಯವನ್ನಷ್ಟೇ ಕೊಟ್ಟು, ಸಾರಿಗೆ ಬಸಿದ ಕಾಳು ಸ್ವಲ್ಪ ರುಬ್ಬಿ ಬೇರೆ ನೀರು ಹಾಕಿ. ಕಟ್ಟನ್ನು ಚೆಲ್ಲಬೇಕಿಲ್ಲ, ಮೂತ್ರಪಿಂಡ ಚೆನ್ನಾಗಿರುವವರು ಉಣ್ಣಲಿ. ಎಲ್ಲವನ್ನೂ ಒಟ್ಟಿಗೆ ಮಸೆಯುವ ಮಸ್ಸೊಪ್ಪಿನಲ್ಲಿ ಈ ಉಪಾಯ ನಡೆಯುವುದಿಲ್ಲ.

ತರಕಾರಿಯ ಸಿಪ್ಪೆ ತೆಗೆದು, ಎಷ್ಟು ಸಣ್ಣಗಾಗುತ್ತದೋ ಅಷ್ಟು ಸಣ್ಣಗೆ ಹೆಚ್ಚಿ, ತುಂಡುಗಳು ಈಜಾಡುವಷ್ಟು ನೀರಿನಲ್ಲಿ ಮುಚ್ಚಳವಿಲ್ಲದ ಪಾತ್ರೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಬಸಿಯಬೇಕು. ಆಲೂಗಡ್ಡೆಯನ್ನು ತುಂಡು ಮಾಡಿ ಬೇಯಿಸಿದರೆ ಸುಮಾರು ಅರ್ಧ, ತುರಿದು ಬೇಯಿಸಿದರೆ ಮುಕ್ಕಾಲು ಭಾಗದಷ್ಟು ಪೊಟ್ಯಾಶಿಯಂ ನೀರಿಗಿಳಿಯುತ್ತದೆ. ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿಟ್ಟು ಕೆಲಸ ಮುಗಿಯಿತೆನ್ನುವ ಸುಲಭದಾರಿ ನಂಬಬೇಡಿ, ಅದರಿಂದ ಇಳಿಯುವುದು ಅತ್ಯಲ್ಪ. ಕುಕ್ಕರ್ ಕೂಡ ನನಗೆ ಒಪ್ಪಿಗೆಯಿಲ್ಲ. ಹಾಕುವ ನೀರು ಕಡಿಮೆ, ಅದೂ ಕೊನೆಗೆ ಸಾರಿಗೇ ಸೇರುತ್ತದೆ.

ಬಸಿಯಲಾಗದವುಗಳಲ್ಲಿ ಎಳನೀರನ್ನು ಪೂರ್ತಿ ಬಿಡಿ, ಒಂದು ಬುರುಡೆಯಲ್ಲೇ 500 ಮಿಲಿಗ್ರಾಂ ಮೀರಬಹುದು. ಶ್ರೀನಿವಾಸಪುರದ ಮಾವು ಒಂದೆರಡು ಹೋಳು ಸಾಕೇ, ಟೊಮೆಟೊ ಎಷ್ಟು, ಇವನ್ನೆಲ್ಲ ಆಹಾರತಜ್ಞರನ್ನು ಕೇಳಿ ಗೊತ್ತುಮಾಡಿಕೊಳ್ಳಿ. ಮೂತ್ರಪಿಂಡ ಸರಿಯಿದ್ದು, ಅಂಥ ಮಾತ್ರೆಗಳನ್ನೂ ನುಂಗದವರಿಗೆ ಈ ಯಾವ ಕಟ್ಟುಪಾಡೂ ಬೇಕಿಲ್ಲ. ದಿನಕ್ಕೆ ಕನಿಷ್ಠ 3,510 ಮಿಲಿಗ್ರಾಂ ಪೊಟ್ಯಾಶಿಯಂ ತಿನ್ನಿ ಎಂದೇ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುತ್ತದೆ.

ವೈದ್ಯರು ಹೇಳಿದ ದಿನ ಮರುಪರೀಕ್ಷೆಗೆ ಹೋದಾಗ, ಮುಷ್ಟಿ ಹಿಡಿದು ಬಿಡಿ ಎಂದರೆ, ಪೊಟ್ಯಾಶಿಯಂ ಪರೀಕ್ಷೆಗೆ ಬಂದಿದ್ದೇನೆ ಎಂದು ಹೇಳಿ ಕೈ ಸಡಿಲವಾಗಿಯೇ ಇಟ್ಟುಕೊಳ್ಳಿ.