ಮ್ಯಾಂಟಿಸ್ ಮರಿಗಳಿಗೆ ನೀರಿಗಿಂತ ಗಾಳಿ ಮುಖ್ಯ

ಕೈಮುಗಿದ ಹಾಗೆ ಮುಂಗಾಲು ಮಡಚಿ ಕೂರುವ ಕೀಟ ಪ್ರೇಯಿಂಗ್ ಮ್ಯಾಂಟಿಸ್. ಅದನ್ನು ಸಾಕುವ ಬಗ್ಗೆ ಸಿಗುವ ಸಲಹೆಗಳು ಹೆಚ್ಚಾಗಿ ಚಳಿ ದೇಶದವರದ್ದು. ಡಬ್ಬಿಗೆ ಹೀಟರ್ ಇಡಿ, ದಿನಾ ನೀರು ಚಿಮುಕಿಸಿ ಅಂತಾರೆ. ಉಡುಪಿಯ ಮಳೆಗಾಲದಲ್ಲಿ ಹಾಗೆ ಮಾಡಿದರೆ ಮರಿ ಬೆಳೆಯುವ ಮೊದಲು ಬೂಷ್ಟು ಬೆಳೆಯುತ್ತದೆ. ಒಗೆದ ಬಟ್ಟೆಯೇ ಒಣಗದ ಊರು ನಮ್ಮದು. ಇಲ್ಲಿ ಏನು ನಡೆಯುತ್ತದೆ ಎನ್ನುವುದನ್ನು ಮಾಡಿ ನೋಡಿಯೇ ಕಲಿತೆ.

ನನಗೆ ಮೊಟ್ಟೆಗೂಡು ಸಿಕ್ಕಿದ್ದು ಹಿತ್ತಿಲಿನ ಮಲ್ಲಿಗೆ ಗಿಡದಲ್ಲಿ. ಹೆಣ್ಣು ಮ್ಯಾಂಟಿಸ್ ನೊರೆ ಬಿಟ್ಟು ಅದರೊಳಗೆ ಮೊಟ್ಟೆ ಇಡುತ್ತದೆ. ನೊರೆ ಗಟ್ಟಿಯಾಗಿ ಕಂದು ಬಣ್ಣದ ಗೂಡಾಗುತ್ತದೆ. ಅದನ್ನು ಕಡ್ಡಿಯಿಂದ ಕೆರೆದು ತೆಗೆಯಬಾರದು. ಕಡ್ಡಿ ಸಮೇತ ಕತ್ತರಿಸಿ, ಗಿಡದಲ್ಲಿ ಹೇಗಿತ್ತೋ ಅದೇ ದಿಕ್ಕಿನಲ್ಲಿ ಡಬ್ಬಿಯೊಳಗೆ ನೇತು ಹಾಕಬೇಕು. ಕೆಳಗೆ ಸ್ವಲ್ಪ ಜಾಗ ಬಿಡಿ, ಮರಿಗಳು ಕೆಳಮುಖವಾಗಿ ಇಳಿಯುತ್ತವೆ. ಗೂಡಿನ ಮೈಮೇಲೆ ಗುಂಡಗಿನ ಸಣ್ಣ ತೂತುಗಳಿದ್ದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಪೊಡಾಗ್ರಿಯನ್ ಅನ್ನುವ ಚಿಕ್ಕ ಕಣಜ ಒಳಗೆ ಮೊಟ್ಟೆ ಇಟ್ಟಿರುತ್ತದೆ. ಅದರ ಮರಿಗಳು ಮ್ಯಾಂಟಿಸ್ ಮೊಟ್ಟೆಗಳನ್ನು ತಿಂದು ಆ ತೂತಿನಿಂದ ಹೊರಬಂದಿರುತ್ತವೆ. ಆದರೂ ಗೂಡು ಎಸೆಯಬೇಡಿ. ಉಳಿದ ಮೊಟ್ಟೆಗಳಿಂದ ಒಂದಷ್ಟು ಮರಿ ಬರುವುದೂ ಉಂಟು.

ಮರಿಗಳು ಬರುವುದು ಸಾಮಾನ್ಯವಾಗಿ ಬೆಳಿಗ್ಗೆ. ಒಂದೊಂದೇ ಬರುವುದಲ್ಲ, ಹಿಂಡು ಹಿಂಡಾಗಿ. ಮೊದಲು ಕಾಲುಗಳೆಲ್ಲ ಮೈಗೆ ಅಂಟಿಕೊಂಡ ಸಣ್ಣ ಹುಳದಂತೆ ಜಾರಿ ಬಂದು, ತೆಳು ನೂಲಿನಲ್ಲಿ ನೇತಾಡುತ್ತವೆ. ಅಲ್ಲೇ ಮೊದಲ ಪೊರೆ ಕಳಚಿ ಕಾಲು ಬಿಡಿಸಿಕೊಳ್ಳುತ್ತವೆ. ಸ್ವಲ್ಪ ಹೊತ್ತು ಗೊಂಚಲು ಶಾವಿಗೆ ತೂಗುಬಿಟ್ಟ ಹಾಗೆ ಕಾಣುತ್ತದೆ. ಆಗ ಡಬ್ಬಿ ಅಲ್ಲಾಡಿಸಬಾರದು. ಆ ದಿನ ಅವಕ್ಕೆ ಊಟವೂ ಬೇಡ, ಒಂದೆರಡು ಹನಿ ನೀರು ಸಾಕು.

ದೊಡ್ಡ ಜಾತಿಗಳ ಗೂಡಿನಿಂದ ನೂರಕ್ಕೂ ಹೆಚ್ಚು ಮರಿ ಬರಬಹುದು. ಎಲ್ಲವನ್ನೂ ಸಾಕುತ್ತೇನೆ ಅಂದರೆ ಮಂಡೆಬಿಸಿ. ಹಸಿದಾಗ ಒಂದನ್ನೊಂದು ತಿನ್ನುತ್ತವೆ, ಹೊಟ್ಟೆ ತುಂಬಿದ್ದರೂ ನಂಬಿಕೆ ಇಲ್ಲ. ಹಾಗಾಗಿ ಬೆರಳೆಣಿಕೆಯಷ್ಟು ಇಟ್ಟುಕೊಂಡು ಉಳಿದವನ್ನು ಕೇಪುಳ, ದಾಸವಾಳ, ಅಲಸಂಡೆ ಚಪ್ಪರ ಅಂತ ಬೇರೆ ಬೇರೆ ಕಡೆ ಬಿಟ್ಟೆ. ಒಂದೇ ಗಿಡದಲ್ಲಿ ಸುರಿದರೆ ಪ್ರಯೋಜನ ಇಲ್ಲ.

ಇಟ್ಟುಕೊಂಡವಕ್ಕೆ ಪಾಯಸದ ಪ್ಲಾಸ್ಟಿಕ್ ಲೋಟವೇ ಮನೆ, ಒಂದು ಲೋಟಕ್ಕೆ ಒಂದೇ ಮರಿ. ಬಾಯಿಗೆ ಹಳೆ ವಾಯಿಲ್ ಸೀರೆಯ ತುಂಡು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದೆ. ನುಸಿ ಪರದೆ ಆಗುವುದಿಲ್ಲ, ಅದರ ಕಣ್ಣಿನಲ್ಲಿ ಮರಿ ನುಸುಳುತ್ತದೆ. ಗಟ್ಟಿ ಮುಚ್ಚಳಕ್ಕೆ ನಾಲ್ಕು ತೂತು ಹೊಡೆದರೆ ಸಾಕು ಅನ್ನುವವರಿದ್ದಾರೆ. ಕರಾವಳಿಗೆ ಅದು ಸಾಲದು, ಬಾಯಿ ಪೂರ್ತಿ ಬಟ್ಟೆಯೇ ಇರಬೇಕು. ಮರಿ ತಲೆಕೆಳಗಾಗಿ ನೇತಾಡುವುದೂ ಆ ಬಟ್ಟೆಗೇ. ಲೋಟದ ಪಕ್ಕಕ್ಕೆ ಒಂದು ತೂತು ಮಾಡಿ ಸ್ಪಂಜಿನ ತುಂಡು ತುರುಕಿದೆ. ಮುಚ್ಚಳ ತೆಗೆಯದೆ ಅಲ್ಲಿಂದಲೇ ಆಹಾರ ಹಾಕಬಹುದು. ಜೋರು ಮಳೆಯ ದಿನಗಳಲ್ಲಿ ಬಟ್ಟೆಯ ಮೂಲೆಗೆ ಒಂದು ಹನಿ ನೀರು, ಅಷ್ಟೇ. ಬೇಸಿಗೆಯಲ್ಲಿ ದಿನಕ್ಕೊಮ್ಮೆ ಸಣ್ಣಗೆ ಸ್ಪ್ರೇ. ಗೋಡೆಯ ಮೇಲಿನ ಹನಿ ಮರುದಿನವೂ ಆರದೆ ಇದ್ದರೆ ನೀರು ಜಾಸ್ತಿ ಆಯಿತು ಅಂತ ಲೆಕ್ಕ.

ಇರುವೆಯ ಕಾಟಕ್ಕೆ ಮೇಜಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲಲ್ಲಿ ಇಟ್ಟೆ. ನೀರಿಗೆ ನಾಲ್ಕು ತೊಟ್ಟು ಎಣ್ಣೆ ಬಿಡಿ, ಇಲ್ಲದಿದ್ದರೆ ನುಸಿ ಮರಿ ಹಾಕುತ್ತದೆ. ನುಸಿ ಬತ್ತಿ, ಲಿಕ್ವಿಡ್ ಹಾಕುವ ಕೋಣೆಯಲ್ಲಿ ಲೋಟ ಇಡಲೇಬೇಡಿ. ನುಸಿಯನ್ನು ಕೊಲ್ಲುವ ಔಷಧಿ ಮರಿಯನ್ನೂ ಕೊಲ್ಲುತ್ತದೆ.

ಇನ್ನು ಊಟ. ಇದೇ ದೊಡ್ಡ ಕೆಲಸ. ಜೀವ ಇದ್ದು ಅಲ್ಲಾಡಿದರೆ ಮಾತ್ರ ಅವು ಹಿಡಿಯುವುದು. ಕೊಳೆತ ಬಾಳೆಹಣ್ಣಿಗೆ, ಹಲಸಿನ ಸಿಪ್ಪೆಗೆ ಮುತ್ತುವ ಸಣ್ಣ ಹಣ್ಣಿನ ನೊಣ, ಅಂದರೆ ಡ್ರೋಸೊಫಿಲಾ, ಅಳತೆಗೆ ಸರಿಯಾಗುತ್ತದೆ. ಬಾಟಲಿಗೆ ಕಳಿತ ಕದಳಿ ಹಣ್ಣು, ಚಿಟಿಕೆ ಈಸ್ಟ್, ಮುದುಡಿದ ಟಿಶ್ಯೂ ಹಾಕಿ ತೆರೆದಿಟ್ಟರೆ ನೊಣ ತಾವಾಗಿಯೇ ಬರುತ್ತವೆ. ಆಮೇಲೆ ಬಟ್ಟೆ ಕಟ್ಟಿ. 25 ಡಿಗ್ರಿ ಆಸುಪಾಸಿನಲ್ಲಿ ಮೊಟ್ಟೆ ನೊಣ ಆಗಲು ಸುಮಾರು 10 ದಿನ ಬೇಕು, ಆದ್ದರಿಂದ ವಾರದ ಅಂತರದಲ್ಲಿ ಎರಡನೇ ಬಾಟಲಿ ಶುರು ಮಾಡಿ. ಹುಳಿ ವಾಸನೆ ಬಂದೇ ಬರುತ್ತದೆ. "ಎಲ್ಲರೂ ನೊಣ ಓಡಿಸುವುದು, ನೀನು ಸಾಕುವುದಾ ಮಾರಾಯಾ?" ಅಂತ ಅಮ್ಮ ಕೇಳಿದರು. ಬಾಟಲಿ ಹೊರಗಿನ ಜಗಲಿಗೆ ಹೋಯಿತು.

ಈ ನೊಣ ಹಾರುತ್ತದಲ್ವಾ, ಲೋಟಕ್ಕೆ ಹಾಕುವುದು ಹೇಗೆ? ಬಾಟಲಿಯಿಂದ ಕೆಲವನ್ನು ಸಣ್ಣ ಡಬ್ಬಿಗೆ ತಟ್ಟಿ, ಡಬ್ಬಿಯನ್ನು ಫ್ರಿಜ್‌ನಲ್ಲಿ ಕೆಲವು ನಿಮಿಷ ಇಡಿ. ಮರಗಟ್ಟಿ ಬೀಳುತ್ತವೆ. ತೂತಿನಿಂದ ಒಳಗೆ ಉದುರಿಸಿ, ಬಿಸಿ ತಾಗಿದ ಕೂಡಲೇ ಎದ್ದು ಓಡಾಡುತ್ತವೆ. ಮರಿ ತಲೆ ತಿರುಗಿಸಿ ನೋಡುತ್ತದೆ, ಮೈಯನ್ನು ಸ್ವಲ್ಪ ಆಚೀಚೆ ತೂಗುತ್ತದೆ, ಆಮೇಲೆ ಕಣ್ಣಿಗೆ ಕಾಣದ ವೇಗದಲ್ಲಿ ಮುಂಗಾಲು ಚಾಚುತ್ತದೆ. ತಿಂದು ಮುಗಿಸಿ ಆ ಮುಂಗಾಲುಗಳ ಮುಳ್ಳುಗಳನ್ನು ಒಂದೊಂದಾಗಿ ಬಾಯಲ್ಲಿ ಸವರಿ ಚೊಕ್ಕ ಮಾಡಿಕೊಳ್ಳುತ್ತದೆ. ನೊಣ ಸಾಲದಿದ್ದಾಗ ಔಷಧಿ ಹೊಡೆಯದ ಅಲಸಂಡೆ ಬಳ್ಳಿಯ ಕುಡಿಯಿಂದ ಕಪ್ಪು ಹೇನು ಕೊಡವಿ ಕೊಡುತ್ತಿದ್ದೆ. ಅವು ನಿಧಾನ, ಮರಿಗೆ ಅಷ್ಟೊಂದು ಉಮೇದು ಕಾಣಲಿಲ್ಲ.

ಮರಿ ಇದ್ದಕ್ಕಿದ್ದಂತೆ ಊಟ ಬಿಟ್ಟರೆ ಹೆದರಬೇಡಿ, ಪೊರೆ ಬಿಡುವ ಸಮಯ. ಉಳಿದ ನೊಣಗಳನ್ನು ತೆಗೆದು ಸುಮ್ನೆ ಇರಿ. ಬಟ್ಟೆಗೆ ನೇತುಬಿದ್ದು ಹಳೆ ಚರ್ಮದಿಂದ ಕೆಳಗೆ ಜಾರುವಾಗ ಅದರ ಉದ್ದದ ಮೂರು ಪಟ್ಟಾದರೂ ಜಾಗ ಬೇಕು. ಆಗ ಬಿದ್ದರೆ ಕಾಲು ಸೊಟ್ಟಗಾಗುತ್ತದೆ ಅಥವಾ ಸಾಯುತ್ತದೆ. ಬರೀ ಕಾಲು ಮುರಿದದ್ದಾದರೆ ಮುಂದಿನ ಪೊರೆಗಳಲ್ಲಿ ಮತ್ತೆ ಬೆಳೆಯುತ್ತದೆ. ಹೊಸ ಮೈ ಮೆತ್ತಗಿರುತ್ತದೆ, ಮರುದಿನದವರೆಗೆ ಊಟ ಹಾಕಬೇಡಿ.

ಕೆಲವು ಪೊರೆ ಕಳಚಿದ ಮೇಲೆ ಮನೆನೊಣವನ್ನೇ ಹಿಡಿಯುವಷ್ಟು ದೊಡ್ಡದಾಗುತ್ತವೆ, ಲೋಟ ಸಾಲುವುದಿಲ್ಲ. ಆಗ ಉದ್ದದ ಬರಣಿಗೆ ಬದಲಾಯಿಸಿ, ಇಲ್ಲವೇ ಹಿತ್ತಿಲಿಗೆ ಬಿಡಿ. ಇದನ್ನು ರೈತನ ಮಿತ್ರ ಅಂತ ಹೊಗಳುವವರಿದ್ದಾರೆ. ನನಗೆ ಅಷ್ಟು ಖಾತ್ರಿ ಇಲ್ಲ. ಬೆಳೆ ಹಾಳುಮಾಡುವ ಕೀಟ ತಿನ್ನುವಷ್ಟೇ ಖುಷಿಯಲ್ಲಿ ಚಿಟ್ಟೆ, ಜೇನ್ನೊಣವನ್ನೂ ತಿನ್ನುತ್ತದೆ. ಜೇನು ಪೆಟ್ಟಿಗೆ ಇಟ್ಟವರ ತೋಟದ ಬದಿಗೆ ಮಾತ್ರ ಬಿಡಬೇಡಿ.