ಮಳೆಗಾಲದಲ್ಲಿ ಉಬ್ಬುವ ಡ್ರಾಯಿಂಗ್ ಶೀಟ್: ನನಗೆ ಸರಿಹೋದ ಕ್ರಮ

ತೀರ್ಥಹಳ್ಳಿಯ ಜುಲೈ ಮಳೆ. ರಾತ್ರಿ ಬೋರ್ಡಿಗೆ ಬಿಗಿಯಾಗಿ ಅಂಟಿಸಿದ ಎ2 ಶೀಟ್ (420 × 594 ಮಿ.ಮೀ.) ಬೆಳಿಗ್ಗೆ ನಡುವೆ ಹಪ್ಪಳದ ಹಾಗೆ ಉಬ್ಬಿರುತ್ತಿತ್ತು. ಮಿನಿ ಡ್ರಾಫ್ಟರ್‌ನ (ಬೋರ್ಡಿಗೆ ಸಿಕ್ಕಿಸಿ ನೇರ ಗೆರೆ ಎಳೆಯುವ ಉಪಕರಣ) ಸ್ಕೇಲ್ ಅದಕ್ಕೆ ತಗುಲಿ ಗೆರೆ ಓರೆಯಾಗುತ್ತಿತ್ತು.

ಟೇಪ್ ಜಾಸ್ತಿ ಹಾಕಿದೆ, ಪಿನ್ ಚುಚ್ಚಿದೆ. ಇಸ್ತ್ರಿ ಮಾಡಿದ್ದೂ ಒಂದು ಗಂಟೆಯಲ್ಲಿ ಮತ್ತೆ ಉಬ್ಬಿತು. ಡ್ರಾಫ್ಟರ್‌ನ ಸ್ಕ್ರೂ ಸುಮ್ನೆ ಬಿಗಿ ಮಾಡಿದ್ದೇ ಬಂತು.

ಕಾಗದ ತೇವ ಹೀರಿ ಹಿಗ್ಗುತ್ತದೆ, ಅಲ್ವಾ? ಹಿಗ್ಗಿ ಮುಗಿದ ಮೇಲೆ ಅಂಟಿಸಬೇಕು. ಸುರುಳಿ ಬಿಚ್ಚಿ, ಟೇಪಿಲ್ಲದೆ, ಅದೇ ಕೋಣೆಯ ಬೋರ್ಡಿನ ಮೇಲೆ ಒಂದು ರಾತ್ರಿ ಬಿಡಿ. ಮೂಲೆಗಳಿಗೆ ಮಾತ್ರ ಸಣ್ಣ ಭಾರ. ಬೆಳಿಗ್ಗೆ ಮೇಲಂಚನ್ನು ಸ್ಕೇಲಿಗೆ ಹೊಂದಿಸಿ. ಮೊದಲು ಮೇಲಿನ ಎಡ ಮೂಲೆಗೆ ಟೇಪ್. ಅಲ್ಲಿಂದ ಅಂಗೈಯಲ್ಲಿ ಓರೆಯಾಗಿ ಸವರುತ್ತಾ ಬಂದು ಕೆಳಗಿನ ಬಲ ಮೂಲೆ. ಆಮೇಲೆ ಮೇಲಿನ ಬಲ, ಕೊನೆಗೆ ಕೆಳಗಿನ ಎಡ. ಕೆಲಸ ನಿಲ್ಲಿಸಿದಾಗ ಕೆಳಗಿನ ಎರಡು ಟೇಪ್ ಬಿಚ್ಚಿಡಿ. ತೇವದ ಕಾಗದದಲ್ಲಿ 2ಎಚ್‌ನಂಥ ಗಟ್ಟಿ ಪೆನ್ಸಿಲ್ ಒತ್ತಿದರೆ ಗೀರು ಬೀಳುತ್ತದೆ, ಕೈ ಹಗುರ ಇರಲಿ.